ನಡುಗೋಡೆ

ಸ್ಲೌ ಊರಿನ ಟ್ರೇಡಿಂಗ್ ಎಸ್ಟೇಟಿನಲ್ಲಿ
ಕಿಟಕಿಯೇ ಇಲ್ಲದ ಒಂದು ಕಟ್ಟಡ.
ಬೋರ್ಡಿಲ್ಲ. ಗೇಟಿನಲ್ಲಿ ಒಬ್ಬ ಕಾವಲುಗಾರ,
ಬೆರಳಚ್ಚು, ಮುಳ್ಳುತಂತಿ, ಮೂರು ದಿಕ್ಕಿಗೂ ಕ್ಯಾಮೆರಾ.
ಜನ ಅದನ್ನು ಕ್ಲೌಡ್ ಅನ್ನುತ್ತಾರೆ.
ಮೋಡ ಹೊರಗಿದೆ, ಬೇಕಾದಷ್ಟು,
ಥೇಮ್ಸ್ ಕಡೆಯಿಂದ ಬಂದು ಬಸ್ ನಿಲ್ದಾಣದ ಮೇಲೆ ಕೂತಿದೆ.
ಒಳಗಿರುವುದು ವಠಾರ.

ಒಂದೇ ಕಬ್ಬಿಣದ ಪೆಟ್ಟಿಗೆ, ಮೂವತ್ತು ಬಾಡಿಗೆ ಸಂಸಾರ:
ವಿಂಡ್ಸರಿನ ದಂತವೈದ್ಯನೊಬ್ಬನ ಅಪಾಯಿಂಟ್‌ಮೆಂಟುಗಳು,
ಯಾವುದೋ ಪಿಜ್ಜಾ ಅಂಗಡಿಯ ಆರ್ಡರು,
ಜೂಜಿನ ಕಂಪನಿ, ಅದರ ಪಕ್ಕದಲ್ಲೇ ಚರ್ಚಿನ ದೇಣಿಗೆ ಪಟ್ಟಿ.
ಇಡೀ ಮನೆ ತನ್ನದೇ ಎಂಬ ಭ್ರಮೆ ಒಬ್ಬೊಬ್ಬರಿಗೂ.
ಆ ಭ್ರಮೆಗೇ ತಿಂಗಳ ಬಾಡಿಗೆ.

ಕಟ್ಟಡದವರೇ ದುಡ್ಡು ಕೊಟ್ಟು ಕರೆಸಿದ್ದರು ನನ್ನನ್ನು,
'ಕಳ್ಳಿಯ ಹಾಗೆ ನೋಡು, ಆಮೇಲೆ ನಮಗೆ ಹೇಳು.'
ದಂತವೈದ್ಯನ ಒಪ್ಪಿಗೆಪತ್ರವೂ ಇತ್ತು, ಸಹಿ ಸಮೇತ.
ಬೆಳಗಿನ ಜಾವ ಎರಡೂ ಕಾಲು.
ಗಂಟೆಗೆ ನಾಲ್ಕು ಪೆನ್ನಿಯ ಒಂದು ಕೋಣೆ ಹಿಡಿದು
ಸುಮ್ಮನೆ ಕೂತೆ.
ಪಡಸಾಲೆಯಲ್ಲಿ ಯಾರೋ ಕೂಗಿದರು:
'ಹದಿನೇಳನೇ ನಂಬರಿನವರು ಯಾರ್ರೀ?'
ಆ ಲೋಕದ ಅಂಚೆಯವನು ಬಹಳ ಸಾಧು.
ಯಾರು 'ನಾನೇ' ಅಂದರೂ ನಂಬುತ್ತಾನೆ,
ಮುಖವೆಂಬುದು ಒಂದಿದೆ ಅಂತಲೇ ಗೊತ್ತಿಲ್ಲ ಅವನಿಗೆ.
ನಾನೇ, ಅಂದೆ.
ಕೈಗೆ ಬಂತು ಕಾಗದ:
ಯಾರದೋ ದವಡೆಹಲ್ಲು, ಮೇಲಿನ ಸಾಲು, ಎಡಕ್ಕೆ,
ಗುರುವಾರ ಹತ್ತೂವರೆ, ರೋಗಿಗೆ ಸೂಜಿಯ ಭಯ.
ಓದಿ, ಮಡಿಸಿ, ನಿಜವಾದ ಹದಿನೇಳಕ್ಕೆ ದಾಟಿಸಿದೆ.
ಅಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ.

ಕಾವಲುಗಾರ ಗೇಟನ್ನು ಕಾಯುತ್ತಲೇ ಇದ್ದ, ಪಾಪ.
ಕೋಣೆಯಿಂದ ಕೋಣೆಗೆ ಹೋಗುವವರು
ಗೇಟಿಗೇಕೆ ಬರಬೇಕು?
ಅಗಸೆಬಾಗಿಲಿಗೆ ಏಳು ಬೀಗ, ಅಡುಗೆಮನೆಗೆ ಚಿಲಕವಿಲ್ಲ.
ವರದಿ ಬರೆದೆ. ತೀವ್ರತೆ: ಹೆಚ್ಚು.
ರಾತ್ರಿಪಾಳಿಯ ಬ್ರೋನಿಸ್ಲಾವ್ ಓದಿ ಕತ್ತು ಕೆರೆದುಕೊಂಡ.
'ಯಾರೋ ಒಂದು ಟಿಕ್ ತೆಗೆಯಲು ಮರೆತಿದ್ದಾರೆ, ಅಷ್ಟೇ.'
ಅಷ್ಟೇ.

ಟಿಕ್ಕಿಗೆ ಬಗ್ಗದ್ದು ಇನ್ನೊಂದಿದೆ.
ಗೋಡೆ ಎಷ್ಟು ಗಟ್ಟಿಯಿದ್ದರೇನು, ಒಲೆ ಒಂದೇ.
ಪಕ್ಕದವನು ಉರಿ ಎಳೆದುಕೊಂಡಾಗ
ನನ್ನ ಎಸರು ಒಂದು ಕ್ಷಣ ತಡವಾಗಿ ಮರಳುತ್ತದೆ.
ಎಷ್ಟು ತಡ, ಎಷ್ಟು ಸಲ ತಡ, ಎಣಿಸುತ್ತ ಕೂತರೆ
ಅವನ ಮಡಕೆಯಲ್ಲಿ ಬೇಯುತ್ತಿರುವುದು ಏನೆಂದು
ಮುಚ್ಚಳ ತೆಗೆಯದೇ ಹೇಳಬಹುದು.
ಮದ್ದಿದೆ: ಒಂಟಿ ಮನೆ. ಯಾರಿಗೆ ಕೈಗೆಟುಕುತ್ತದೆ?

ಆರಕ್ಕೆ ಸಿಪ್ಪನ್‌ಹ್ಯಾಮ್ ಸೇರಿದೆ.
ನನ್ನದೂ ಜೋಡಿಮನೆ, ನಡುವೆ ಒಂದಿಟ್ಟಿಗೆಯ ಗೋಡೆ,
ಆಚೆ ಮಿಸೆಸ್ ಹ್ಯಾಲಿವೆಲ್.
ಆರೂವರೆಗೆ ಅವಳ ಕೆಟಲ್.
ಫೆಬ್ರವರಿಯವರೆಗೆ ಅದು
ಎರಡು ಕಪ್ಪಿನಷ್ಟು ಹೊತ್ತು ಗೊರಗುಟ್ಟುತ್ತಿತ್ತು.
ಈಗ ಒಂದೇ ಕಪ್ಪಿನಷ್ಟು.
ನಾನು ಯಾರನ್ನೂ ಏನೂ ಕೇಳಿಲ್ಲ.

ಏಳಕ್ಕೆ ಬಾಗಿಲು ತಟ್ಟಿದಳು. ಕೈಯಲ್ಲಿ ಲಕೋಟೆ,
ವೆಕ್ಸಮ್ ಪಾರ್ಕ್ ಆಸ್ಪತ್ರೆಯದು, ನನ್ನ ಹೆಸರಿಗೆ.
ಅಂಚೆಯವನು ನಿನ್ನೆ ತಪ್ಪಿ ಅಲ್ಲಿ ಹಾಕಿದ್ದನಂತೆ.
ಒಡೆದು ಮತ್ತೆ ಅಂಟಿಸಿದ ಟೇಪು
ಬಲು ಅಚ್ಚುಕಟ್ಟು.
'ಓದಲಿಲ್ಲ, ಡಿಯರ್,' ಅಂದಳು.
'ಈ ಗೋಡೆ ದಪ್ಪ, ನನಗೂ ಏನೂ ಕೇಳಿಸಲ್ಲ,' ಅಂದೆ,
ಅವಳು ಕೇಳದಿದ್ದರೂ.
ಹೊಸ್ತಿಲ ಎರಡು ಕಡೆ ಸ್ವಲ್ಪ ಹೊತ್ತು ನಿಂತೆವು,
ಹೂಕುಂಡದ ಬಗ್ಗೆ ಏನೋ ಮಾತು ಬಂತು, ಹೋಯಿತು.

ಬಾಗಿಲು ಹಾಕಿ, ಲಕೋಟೆಯನ್ನು ಮೇಜಿನ ಮೇಲಿಟ್ಟು,
ಕೆಟಲಿಗೆ ನೀರು ಹಿಡಿದು ಗುಂಡಿ ಒತ್ತಿದೆ.
ಆಚೆ ರೇಡಿಯೊ ನಿಂತಿತು.
ಎಣಿಸುತ್ತಿರಬೇಕು.